ಕಾಲು ತೆಗೆದರೆ ನಿಲ್ಲುವ ಜೀಪು

೧೧ ಏಪ್ರಿಲ್ ೧೯೭೪, ಗುರುವಾರ, ತಂಬೂರ

ಶುರುವಾಯಿತು. ಹ್ಯಾಂಡಲ್ ತಿರುಗಿಸಿ ಅಂಗೈ ಸುಲಿದ ಮೇಲೆ, ದನ ಮನೆಗೆ ಬರುವ ಹೊತ್ತಿಗೆ, ಶುರುವಾಯಿತು. ಮಿಲಿಟರಿಯವರು ಹರಾಜು ಹಾಕಿದ ಜೀಪು, ಅದರ ಹೊಟ್ಟೆಯಲ್ಲಿ ಅಂಬಾಸಿಡರ್ ಕಾರಿನ ಎಂಜಿನ್. ಇಡೀ ಕಲಘಟಗಿ ತಾಲೂಕಿನಲ್ಲಿ ಇಂಥದು ಇನ್ನೊಂದಿಲ್ಲ. ಹೊಗೆಗೆ ಕೋಳಿಗಳೆಲ್ಲ ಬಣವೆ ಹತ್ತಿದವು. ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದು ನಿಂತಳು.

ಆಮೇಲೆ ಕಾಲು ತೆಗೆದೆ. ಎಂಜಿನ್ ಒಮ್ಮೆ ಜೋರಾಯಿತು, ಒಮ್ಮೆ ಕುಸಿಯಿತು, ಮತ್ತೆ ಜೋರಾಯಿತು, ಕೆಮ್ಮಿ ಸತ್ತಿತು. ಮತ್ತೆ ಹ್ಯಾಂಡಲ್. ಮತ್ತೆ ಹಾಗೇ. ಕಾಲು ತೆಗೆದಾಗ ಎಂಜಿನ್ ನಿಂತಲ್ಲೇ ಮೆಲ್ಲಗೆ ಓಡುತ್ತಿರಬೇಕು. ಕಲಘಟಗಿಯ ಮಿಸ್ತ್ರಿ ಇಮಾಮಹುಸೇನ ಕಾಕಾ ಅದಕ್ಕೆ ‘ಸ್ಲೋ’ ಅನ್ನುತ್ತಾರೆ. ನಮ್ಮ ಜೀಪಿಗೆ ಸ್ಲೋ ಇಲ್ಲ. ಎಂಜಿನ್ ಬದಲಿಸಿದ್ದರಿಂದ ಸ್ಟಾರ್ಟರ್ ಮೋಟರು ಎಂಜಿನ್ನಿನ ಹಲ್ಲಿನ ಚಕ್ರಕ್ಕೆ ಕೂಡುತ್ತಿಲ್ಲ; ಸತ್ತಾಗಲೆಲ್ಲ ಇಳಿದು ಮುಂದೆ ಹೋಗಿ ಹ್ಯಾಂಡಲ್ ಹೊಡೆಯಬೇಕು.

ಅಪ್ಪ ಕಟ್ಟೆಯ ಮೇಲೆ ಕೂತು ನೋಡಿದ. ಎದ್ದು ಹೋಗುವಾಗ ಅಂದ: “ನಡು ಅಡವ್ಯಾಗ ಹೆಣ್ಣಮಗಳನ್ನ ಕುಂಡ್ರಿಸಿ ಹ್ಯಾಂಡಲ್ ಹೊಡಕೋತ ನಿಂತ್ರ ಮಂದಿ ಏನಂತಾರ? ದಾರ್ಯಾಗ ನಿಲ್ಲೂ ಗಾಡಿ ಆದ್ರ ಆಕಿ ನೌಕರೀನ ಬ್ಯಾಡ.”

ಅಕ್ಕನ ನೌಕರಿಯ ಮಾತು. ಮಹಾದೇವಕ್ಕನಿಗೆ ದೇವಿಕೊಪ್ಪದ ಪ್ರಾಥಮಿಕ ಶಾಲೆಗೆ ಆರ್ಡರು ಬಂದಿದೆ. ಜೂನ್ ಮೂರಕ್ಕೆ ಹಾಜರಾಗಬೇಕು. ಮುಂಜಾನೆ ಆ ಕಡೆ ಬಸ್ಸಿಲ್ಲ. ಅಲ್ಲಿ ಖೋಲಿ ಹಿಡಿದು ಒಬ್ಬಳೇ ಇರುವುದಕ್ಕೆ ಅಪ್ಪ ಒಪ್ಪುವುದಿಲ್ಲ. ಭಾವ ತೀರಿಕೊಂಡು ಅವಳು ಮನೆಗೆ ಬಂದಾಗಿನಿಂದ ಅಪ್ಪನಿಗೆ ಮಂದಿಯ ಮಾತೇ ಮಾತು. ಹಾಗಾಗಿ ಜೀಪು.

ಅದು ನನಗೆ ಸರಿಹೋಯಿತು. ನೌಕರಿ ಅಕ್ಕನದಾದರೂ ಓಡಿಸುವವನು ನಾನು.

೧೪ ಏಪ್ರಿಲ್

ಹುಬ್ಬಳ್ಳಿಯ ವಾಚನಾಲಯದಲ್ಲಿ ಇಂಗ್ಲಿಷಿನ ಮೋಟಾರು ಮಾಸಿಕ ಬರುತ್ತದೆ. ಅದರ ಕೊನೆಯ ಪುಟ ನನ್ನ ಪಾಲಿಗೆ ಕಾಲೇಜು. ಒಬ್ಬ ಪ್ರಶ್ನೆ ಕೇಳುತ್ತಾನೆ, ಮುಂದಿನ ತಿಂಗಳು ನಾಲ್ಕು ಊರಿನಿಂದ ನಾಲ್ವರು ಉತ್ತರ ಬರೆಯುತ್ತಾರೆ, ಅದರ ಮುಂದಿನ ತಿಂಗಳು ಆ ನಾಲ್ವರೂ ತಮ್ಮತಮ್ಮೊಳಗೆ ಜಗಳಾಡುತ್ತಾರೆ. ಸ್ಲೋ ನಿಲ್ಲದಿದ್ದರೆ ಕಿಡಿ ಹಾರಿಸುವ ಪಾಯಿಂಟು ನೋಡು ಅಂತ ಪುಣೆಯವನು. ಪಾಯಿಂಟಲ್ಲ, ಗಾಳಿ ಸೋರುತ್ತದೆ ಅಂತ ಕೊಯಮತ್ತೂರಿನವನು. ಇಬ್ಬರೂ ದಡ್ಡರು ಅಂತ ನಾಗಪುರದ ನಿವೃತ್ತ ಸುಬೇದಾರ. ನಾನು ಮೂವರ ಮಾತನ್ನೂ ಬರೆದುಕೊಂಡು ಬಂದಿದ್ದೇನೆ. ನಮ್ಮ ಕೇಸನ್ನೂ ಬರೆದು ಮಾಸಿಕಕ್ಕೆ ಅಂಚೆ ಹಾಕಿದ್ದೇನೆ.

ಇವತ್ತು ಪುಣೆಯವನ ದಿನ. ಪಾಯಿಂಟು ಉಜ್ಜಿದೆ, ಪ್ಲಗ್ಗು ಬಿಚ್ಚಿ ತೊಳೆದೆ, ಸಂದು ಅಳೆದೆ. ನಾನು ಬಾನೆಟ್ಟಿನ ಕೆಳಗೆ ಇರುವಾಗ ಯಾರಾದರೂ ಸೀಟಿನಲ್ಲಿ ಕೂತು ಆಕ್ಸಿಲರೇಟರ್ ಒತ್ತಿರಬೇಕು. ಆಳು ಗುಡದಪ್ಪನನ್ನು ಕೂರಿಸಿದರೆ ಅವನು ಎತ್ತು ಹೊಡೆಯುವ ಹಾಗೆ ಒದೆಯುತ್ತಾನೆ. ಅಕ್ಕನನ್ನು ಕರೆದೆ.

ಅವಳು ಸೆರಗು ಬಿಗಿದು ಹತ್ತಿ ಕೂತು, “ಚುಕ್ಕಾಣಿ ಎಡಕ್ಕ ಯಾಕೈತಿ?” ಅಂದಳು. ಅಮೇರಿಕಾದವರ ಜೀಪು, ಅಲ್ಲಿ ಹಾಗೇ ಅಂತ ಹೇಳಿದೆ.

ಫಲ ಸೊನ್ನೆ. ಪುಣೆಯವನು ಸೋತ.

೨೧ ಏಪ್ರಿಲ್

ಪೆಟ್ರೋಲಿನ ಮೇಲೆ ಸಂಶಯ ಬಂತು. ಬೆಲೆ ಏರಿದಾಗಿನಿಂದ ಸೀಮೆಎಣ್ಣೆ ಬೆರೆಸುವವರು ಎಲ್ಲ ಕಡೆ ಇದ್ದಾರೆ. ಟ್ಯಾಂಕು ಖಾಲಿ ಮಾಡಿ, ಅವ್ವನ ಹಳೆಯ ಇಳಕಲ್ ಸೀರೆಯಲ್ಲಿ ಸೋಸಿ, ಮತ್ತೆ ತುಂಬಿದೆ. ಸೀರೆ ಹಾಳಾಯಿತು. ಎಂಜಿನ್ ಹಾಗೇ ಇದೆ. ಅವ್ವ ರಾತ್ರಿ ಬಡಿಸುವಾಗ ನನ್ನ ಕಡೆ ನೋಡಲಿಲ್ಲ.

೨೮ ಏಪ್ರಿಲ್, ರವಿವಾರ

ಇಮಾಮಹುಸೇನ ಕಾಕಾ ಬಂದಿದ್ದರು. ಎಂಜಿನ್ ಕೂರಿಸಿದವರು ಅವರೇ ಆದ್ದರಿಂದ ಅದು ಕೆಮ್ಮಿದರೆ ಅವರಿಗೆ ಅವಮಾನ. ಬೀಡಿ ಹಚ್ಚಿದರು. ಪೆಟ್ರೋಲಿನ ಡಬ್ಬಿ ಕೊಟ್ಟು ನನ್ನನ್ನು ದೂರ ನಿಲ್ಲಿಸಿ, ಹೊಗೆಯನ್ನು ಎಂಜಿನ್ನಿನ ಬಾಜೂಕೆ ಮೆಲ್ಲಗೆ ಊದುತ್ತ ಬಂದರು. ಒಂದು ಕಡೆ ಹೊಗೆ ಸರಕ್ಕನೆ ಒಳಗೆ ಹೋಯಿತು.

ಕಾರಿನಲ್ಲಿ ಯಾವುದೋ ನಳಿ ಕೂರುತ್ತಿದ್ದ ತೂತು. ಜೀಪಿಗೆ ಅದು ಬೇಡವೆಂದು ನಾನೇ ಜಾಲಿ ಕಟ್ಟಿಗೆಯ ಬೆಣೆ ಹೊಡೆದಿದ್ದೆ. ಬಿಸಿಗೆ ಬೆಣೆ ಒಣಗಿ ಸೀಳಿದೆ.

“ತಮ್ಮಾ, ಇದೇನ ಹೊಲಾ ಹರಗೂ ಕುಂಟಿ ಅಂತ ತಿಳದಿ ಏನ?” ಅಂದರು ಕಾಕಾ. ಅಕ್ಕ ಸೀಟಿನಲ್ಲಿ ಕೂತೇ ನಕ್ಕಳು. ಅವಳು ನಗುವುದನ್ನು ಕೇಳಿ ಅವ್ವ ಕಿಡಕಿಯಲ್ಲಿ ಹಣಕಿದಳು.

ಬೆಣೆ ಕಿತ್ತು, ಕಾಕಾ ತಂದ ಬೋಲ್ಟು ಬಿಗಿದೆವು. ಈಗ ಕಾಲು ತೆಗೆದರೂ ಅರ್ಧ ಚಹಾ ಕುಡಿಯುವಷ್ಟು ಹೊತ್ತು ಓಡುತ್ತಿರುತ್ತದೆ. ಆದರೆ ಸ್ಥಿರ ಇಲ್ಲ, ಏರುತ್ತದೆ, ಇಳಿಯುತ್ತದೆ. ಕೊಯಮತ್ತೂರಿನವನಿಗೆ ಅರ್ಧ ಗೆಲುವು.

೫ ಮೇ

ಅಕ್ಕ ಒಂದು ಮಾತು ಹೇಳಿದಳು: “ನಾ ಪೆಡಲ್ ಒತ್ತಾಕತ್ತಿಲ್ಲ. ಕಾಲು ಸುಮ್ನ ಮ್ಯಾಲ ಇಟ್ಟೀನಿ. ಅದ ನನ್ನ ಕಾಲು ನೂಕತೈತಿ.”

ಮೊದಲು ನಂಬಲಿಲ್ಲ. ಆಮೇಲೆ ನಾನೇ ಕೂತು ನೋಡಿದೆ. ಹೌದು. ಎಂಜಿನ್ ರಬ್ಬರಿನ ಮೇಲೆ ಕೂತು ಅಲುಗುತ್ತದೆ. ಪೆಡಲಿನಿಂದ ಹೋದ ಕಬ್ಬಿಣದ ಸರಳು ಅಲುಗುವುದಿಲ್ಲ. ಎಂಜಿನ್ ಆ ಕಡೆ ವಾಲಿದಾಗ ಸರಳು ಕಾರ್ಬ್ಯುರೇಟರನ್ನು ಎಳೆಯುತ್ತದೆ, ಈ ಕಡೆ ವಾಲಿದಾಗ ಬಿಡುತ್ತದೆ. ಎಂಜಿನ್ ತನಗೆ ತಾನೇ ರೇಸು ಕೊಟ್ಟುಕೊಳ್ಳುತ್ತಿತ್ತು!

ಸರಳು ತೆಗೆದು ಸೈಕಲ್ಲಿನ ಬ್ರೇಕ್ ವೈರು ಹಾಕಿದೆ. ವೈರು ಬಳುಕುತ್ತದೆ, ಎಳೆಯುವುದಿಲ್ಲ. ಇದನ್ನು ಮಾಸಿಕದ ಯಾವನೂ ಬರೆದಿರಲಿಲ್ಲ. ಬರೆದು ಕಳಿಸಬೇಕು. ಕೆಳಗೆ ನನ್ನ ಹೆಸರು ಹಾಕಬೇಕು.

ಸಂಜೆ ಜೀಪು ಹುಣಸೆ ಮರದ ಕೆಳಗೆ ಇತ್ತು. ನಾನು ಬಿಟ್ಟದ್ದು ಕೊಟ್ಟಿಗೆಯ ಮುಂದೆ. ಕೇಳಿದರೆ ಅಕ್ಕ, ಸೀಟು ಬಿಸಿಲಿಗೆ ಕಾದಿತ್ತು, ನೆರಳಿಗೆ ತಂದೆ ಅಂದಳು. ನಾನು ಗಾಲಿಯ ಹತ್ತಿರ ಇಟ್ಟ, ಬೋಲ್ಟು ಬಿಗಿಯುವ ಪಾನಾ ಎಲ್ಲಿ ಹೋಯಿತೋ. ಹುಡುಕಿ ಸಾಕಾಯಿತು.

೧೦ ಮೇ

ಐದಾರು ದಿನದಿಂದ ಒಂದು ವಿಚಿತ್ರ. ಕಾರ್ಬ್ಯುರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದರೆ ಸ್ಲೋ ಅಗದಿ ಚಂದ. ಎಂಜಿನ್ನಿನ ಮೇಲೆ ಇಟ್ಟ ಹಿತ್ತಾಳೆ ಲೋಟದ ನೀರು ಸಹ ಅಲುಗುವುದಿಲ್ಲ. ಎರಡು ದಿನ ಬಿಟ್ಟರೆ ಮತ್ತೆ ಅದೇ ಕೆಮ್ಮು. ಮತ್ತೆ ತೊಳೆ. ಮತ್ತೆ ಚಂದ. ಮತ್ತೆ ಕೆಮ್ಮು.

ಅಪ್ಪ ದಿನಾ ಬೆಳಿಗ್ಗೆ ಅದನ್ನು ಸುತ್ತು ಹಾಕಿ ನೋಡುತ್ತಾನೆ. ಹರಾಜಿನಲ್ಲಿ ಎತ್ತು ಕೊಂಡಿದ್ದರೆ ಇಷ್ಟು ಹೊತ್ತಿಗೆ ಎರಡು ಎಕರೆ ಉಳುತ್ತಿತ್ತು ಅಂತ ಅವ್ವನ ಮುಂದೆ, ನನಗೆ ಕೇಳುವ ಹಾಗೆ.

೧೭ ಮೇ

ಮಾಸಿಕದಿಂದ ಕಾರ್ಡು ಬಂತು. ‘ತಮ್ಮ ಸಮೀಪದ ಅಧಿಕೃತ ಮಾರಾಟಗಾರರನ್ನು ಕಾಣಿರಿ.’ ಕಾರ್ಡನ್ನು ಪ್ಲಗ್ಗಿನ ಸಂದು ಒರೆಸಲು ಇಟ್ಟುಕೊಂಡಿದ್ದೇನೆ.

೨೨ ಮೇ

ಬಿಡುವುದಿಲ್ಲ. ಇದು ಬರೀ ಕಬ್ಬಿಣ. ಕಾರಣವಿಲ್ಲದೆ ಏನೂ ಆಗುವುದಿಲ್ಲ.

ಅಕ್ಕ ಹಳ್ಳದ ತನಕ ಹೋಗಿ ಬರೋಣ ಅಂದಳು. ಹೋಗುವಾಗ ನಾನು. ಬರುವಾಗ ಅವಳು, ಯಾಕೆಂದರೆ ನಾನು ಬಾನೆಟ್ಟಿನ ಸದ್ದು ಕೇಳುತ್ತ ಮಡ್‌ಗಾರ್ಡಿನ ಮೇಲೆ ಕೂಡಬೇಕಿತ್ತು. ಗೇರು ಬದಲಿಸುವಾಗ ಸದ್ದು ಒಂದಿಷ್ಟೂ ಇರಲಿಲ್ಲ. ಗೇರ್‌ಬಾಕ್ಸಿನ ಎಣ್ಣೆ ಬದಲಿಸಿದ್ದು ಫಲ ಕೊಟ್ಟಿದೆ.

೨೪ ಮೇ

ಇವತ್ತು ಡಿಸ್ಟ್ರಿಬ್ಯೂಟರ್ ತಿರುಗಿಸಿದೆ, ಕಿಡಿ ಒಂದಿಷ್ಟು ಬೇಗ ಹಾರಲಿ ಅಂತ. ಕಾಕಾ ಬೇಡ ಅಂದಿದ್ದರು. ಆದರೆ ಸ್ಲೋ ಏರಿತು, ಕೆಮ್ಮದೆ ಸ್ಥಿರವಾಯಿತು. ಇನ್ನೊಂದಿಷ್ಟು ತಿರುಗಿಸಿದೆ. ಇನ್ನೂ ಚಲೋ. ಸಂಜೆ ಕೇಸು ಮುಗಿಯಿತು ಅಂತ ಅಪ್ಪನಿಗೆ ಹೇಳಿದೆ. ನಾಳೆ ಅಪ್ಪನನ್ನೇ ಕೂರಿಸಿಕೊಂಡು ದೇವಿಕೊಪ್ಪಕ್ಕೆ.

೨೬ ಮೇ

ಎಡಗೈ ಬರಹ. ಹ್ಯಾಂಡಲ್ ತಿರುಗಿ ಒದೆಯಿತು. ಬಲ ಮಣಿಕಟ್ಟು ಮುರಿದಿದೆ. ಹುಬ್ಬಳ್ಳಿಯಲ್ಲಿ ಪ್ಲಾಸ್ಟರ್.

೨೭ ಮೇ

ಕಿಡಿ ಬೇಗ ಹಾರಿದರೆ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತದೆ. ಗೊತ್ತಿತ್ತು. ಅಪ್ಪನೇ ನನ್ನನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಒಯ್ದ. ಮನೆಗೆ ಬಂದು ಅಂದ: “ಮುಗೀತು. ಓಡಸಾವ ಇಲ್ಲ, ಗಾಡೀನೂ ನೆಟ್ಟಗಿಲ್ಲ. ಆರ್ಡರ್ ವಾಪಸ್ ಕಳಸ್ರಿ.”

ಅಕ್ಕ ಊಟಕ್ಕೆ ಬರಲಿಲ್ಲ.

೨೯ ಮೇ

ಎಡಗೈ ಪಳಗುತ್ತಿದೆ. ಇವತ್ತಿನದನ್ನು ಬರೆಯಲೇಬೇಕು.

ಬೆಳಿಗ್ಗೆ ಅಕ್ಕ ಪಾನಾ ತಗೊಂಡು ಬಂದಳು. ಯಾವುದನ್ನು ಎಷ್ಟು ತಿರುಗಿಸಬೇಕು ಹೇಳು ಅಂದಳು. ಮೊದಲು ಡಿಸ್ಟ್ರಿಬ್ಯೂಟರನ್ನು ಹಳೆಯ ಗುರುತಿಗೆ ತಂದಳು. ಆಮೇಲೆ ಕಾರ್ಬ್ಯುರೇಟರ್. ಅದರ ನಡುವೆ ಗಂಟೆಯಾಕಾರದ ಡಬ್ಬಿ, ಒಳಗೆ ಪಿಸ್ಟನ್. ಎಂಜಿನ್ ಗಾಳಿ ಎಳೆದಂತೆ ಅದು ಮೇಲೇರುತ್ತದೆ, ಬಿಟ್ಟಂತೆ ಇಳಿಯುತ್ತದೆ. ಬೆರಳಿನಿಂದ ಎತ್ತಿ ಬಿಟ್ಟರೆ ಟಕ್ ಅಂತ ಬೀಳಬೇಕು. ಅಕ್ಕ ಎತ್ತಿ ಬಿಟ್ಟಳು. ಟಕ್ ಅನ್ನಲಿಲ್ಲ. ನಡುವೆಯೇ ನಿಂತು, ನಿದ್ದೆ ಬಂದವರ ಹಾಗೆ ಇಳಿಯಿತು.

ನಾನು ತೊಳೆದ ಕೂಡಲೇ ಪರೀಕ್ಷೆ ಮಾಡುತ್ತಿದ್ದೆ. ಆಗ ಟಕ್ ಅನ್ನುತ್ತಿತ್ತು. ಕೆಮ್ಮಿದಾಗ ಮಾತ್ರ, ಪರೀಕ್ಷೆ ಮಾಡದೆ ಸೀದಾ ತೊಳೆಯುತ್ತಿದ್ದೆ. ಪ್ರತಿ ಸಲ ಕಳ್ಳನನ್ನು ತೊಳೆದು ಕಳಿಸಿ, ಕಳ್ಳ ಎಲ್ಲಿ ಅಂತ ಹುಡುಕಿದ್ದೇನೆ.

ಅಕ್ಕ ಡಬ್ಬಿ ಬಿಚ್ಚಿದಳು. ಪಿಸ್ಟನ್ನಿನ ಮೈಗೆಲ್ಲ ಹಳದಿ ಜಿಗಟು. ಉಗುರಿನಿಂದ ಕೆರೆದು ಮೂಸಿ ನೋಡಿದಳು.

“ಲೇ ಶಂಕ್ರ್ಯಾ, ಇದು ರೊಟ್ಟಿ ಹಂಚಿನ ಅಂಚಿಗೆ ಹತ್ತತೈತೆಲ್ಲ, ಅದ. ಕುಸುಬಿ ಎಣ್ಣಿ.”

ಅಣ್ಣಿಗೇರಿಯ ಮಾವನ ಮನೆಯಿಂದ ವರ್ಷಕ್ಕೆ ಸಾಲುವಷ್ಟು ಬರುವ ಗಾಣದ ಕುಸುಬಿ ಎಣ್ಣೆ. ಅದು ಗಾಳಿಗೆ ಒಣಗಿದರೆ ಬಂಕದಂತೆ ಅಂಟುತ್ತದೆ, ಅವ್ವ ಬೂದಿ ಹಚ್ಚಿ ತಿಕ್ಕಿದರೂ ಹೋಗುವುದಿಲ್ಲ. ಅದು ಕಾರ್ಬ್ಯುರೇಟರಿನೊಳಗೆ ಹೇಗೆ ಹೋಯಿತು? ಡಬ್ಬಿಯ ನೆತ್ತಿಯಲ್ಲಿ ಹಿತ್ತಾಳೆಯ ಪುಟ್ಟ ಮುಚ್ಚಳ ಇದೆ. ಅದರೊಳಗೆ ಒಂದಿಷ್ಟು ತೆಳು ಎಣ್ಣೆ ಇರಬೇಕು ನಿಜ. ಕಾಕಾ ಎಂಜಿನ್ ಕೂರಿಸಿದ ದಿನ ನಾನೇ ಹೊಲಿಗೆ ಮಿಷನ್ನಿನ ಎಣ್ಣೆ ಹಾಕಿದ್ದೆ. ಆಮೇಲೆ ಮುಟ್ಟಿಲ್ಲ.

ಅಕ್ಕ ಎಲ್ಲ ತೊಳೆದು ಜೋಡಿಸಿ ಇಟ್ಟಳು.

೩೦ ಮೇ

ಗೊತ್ತಾಯಿತು. ಅಪ್ಪ!

ಅಕ್ಕ ನಸುಕಿನಲ್ಲೇ ಎದ್ದು ನನ್ನನ್ನೂ ಎಬ್ಬಿಸಿ ಬಾಗಿಲ ಸಂದಿಯಲ್ಲಿ ನಿಲ್ಲಿಸಿದಳು. ಅಪ್ಪ ಹಿತ್ತಲಿನಿಂದ ಬಂದ. ಚಕ್ಕಡಿಯ ಹತ್ತಿರ ಹೋಗಿ ಅಚ್ಚಿಗೆ ಎಣ್ಣೆ ಬಿಟ್ಟ. ಅದು ಅವನು ಪ್ರತಿ ದಿನ ಮಾಡುವ ಕೆಲಸ. ಅದೇ ಎಣ್ಣೆಯ ಮಿಳ್ಳಿ ಹಿಡಿದು ಜೀಪಿಗೆ ಬಂದ. ಬಾನೆಟ್ಟು ಎತ್ತಿ, ಹಿತ್ತಾಳೆ ಮುಚ್ಚಳ ತಿರುವಿ, ಒಳಗೆ ತುಂಬಿ ಚೆಲ್ಲುವ ತನಕ ಹೊಯ್ದ. ಪಂಚೆಯ ಚುಂಗಿನಿಂದ ಒರೆಸಿದ. ಮುಟ್ಟಿ ಕೈ ಮುಗಿದ.

ನನಗೆ ಕೂಗಬೇಕೆನಿಸಿತು. ಇಡೀ ಬೇಸಿಗೆ, ನನ್ನ ಮಣಿಕಟ್ಟು, ಅವ್ವನ ಸೀರೆ. ಅಕ್ಕ ನನ್ನ ಭುಜ ಹಿಡಿದು ನಿಲ್ಲಿಸಿ ತಾನೇ ಅಂಗಳಕ್ಕೆ ಹೋದಳು.

“ಯಪ್ಪಾ, ಎಷ್ಟ ದಿನಾ ಆತು ಹಾಕಾಕ್ಹತ್ತಿ?”

ಅಪ್ಪ ಮಿಳ್ಳಿ ಹಿಂದೆ ಹಿಡಿದ. “ಬಂದ ದಿನದಿಂದ. ಎಣ್ಣಿ ಇಲ್ದ ಗಾಲಿ ನಮ್ಮ ಅಂಗಳಾ ದಾಟಿಲ್ಲ. ನೀ ಕುಂತ ಹೋಗೂದೈತಿ.”

“ನೌಕರಿ ಬ್ಯಾಡ ಅಂದಿದ್ದಿ.”

ಅಪ್ಪ ಬಾನೆಟ್ಟು ಮುಚ್ಚಿದ.

ಅಕ್ಕ ಒಳಗೆ ಬಂದು ಹೊಲಿಗೆ ಮಿಷನ್ನಿನ ಎಣ್ಣೆಯ ಬಾಟಲಿ ಒಯ್ದು ಅವನ ಕೈಗೆ ಕೊಟ್ಟಳು. “ಹಾಕು ಯಪ್ಪಾ, ಬ್ಯಾಡ ಅನ್ನಂಗಿಲ್ಲ. ಇನ್ನ ಮ್ಯಾಲ ಇದನ್ನ ಹಾಕು. ವಾರಕ್ಕ ಎರಡ ಹನಿ.” ಆಮೇಲೆ ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಬಹಳ ಹೊತ್ತು ಕೂತಳು. ಕಣ್ಣು ಕೆಂಪಾಗಿದ್ದವು. ಹಸಿ ಕಟ್ಟಿಗೆ, ಹೊಗೆ ಜಾಸ್ತಿ.

ನನಗಂತೂ ಸಮಾಧಾನ. ಕಾರಣ ಸಿಕ್ಕಿತು. ಮಾಸಿಕದವರಿಗೆ ಬರೆದರೆ ನಂಬುವುದಿಲ್ಲ.

೧ ಜೂನ್, ಶನಿವಾರ

ಮೊದಲ ಮಳೆ. ಅಪ್ಪ ಹೊಯ್ದ ಕುಸುಬಿ ಎಣ್ಣೆಯನ್ನೆಲ್ಲ ಅಕ್ಕ ನಿನ್ನೆಯೇ ತೊಳೆದು ತೆಗೆದಿದ್ದಳು. ಗುಡದಪ್ಪನಿಗೆ ಹ್ಯಾಂಡಲ್ ಹಿಡಿಯುವುದು ಕಲಿಸಿದೆ. ಹೆಬ್ಬೆರಳು ಸುತ್ತ ಹಾಕಬೇಡ, ಬೆರಳ ಜೊತೆಗೇ ಇಡು ಅಂತ. ಮೊದಲ ಸುತ್ತಿಗೇ ಎದ್ದಿತು. ಕಾಲು ತೆಗೆದೆವು; ಕೆಮ್ಮಲಿಲ್ಲ, ಸ್ಲೋ ನಿಂತಿತು. ಮಳೆ ನಿಲ್ಲುವ ತನಕ ಜೀಪು ಅಂಗಳದಲ್ಲಿ ಒಂದೇ ಸಮ ಓಡುತ್ತ ನಿಂತಿತ್ತು. ಒಳಗಿನಿಂದ ಕೇಳಿದರೆ ಅವ್ವ ಬೀಸುವ ಕಲ್ಲಿನ ಹಾಗೆ.

ಎಂಜಿನ್ ಸರಿಯಾಯಿತು. ಓಡಿಸುವವನೇ ಇಲ್ಲ. ಇಮಾಮಹುಸೇನ ಕಾಕಾನನ್ನು ಕೇಳಿದರೆ ಒಂದು ದಿನ ಬರುತ್ತೇನೆ, ದಿನಾ ಆಗದು ಅಂದರು. ಊಟಕ್ಕೆ ಕೂತಾಗ ನಾನು ಆ ಮಾತು ತೆಗೆದೆ. ಅಕ್ಕ ರೊಟ್ಟಿ ತಟ್ಟುತ್ತಲೇ, “ನಾ ಹೊಡಕೊಂಡ ಹೋಗತೀನಿ” ಅಂದಳು.

ನಾನು ನಕ್ಕೆ. ಅಪ್ಪ ನಗಲಿಲ್ಲ. ತಟ್ಟೆಯಲ್ಲಿ ಬೆರಳಾಡಿಸುತ್ತ, “ಹುಣಸೀ ಗಿಡದಿಂದ ಹಳ್ಳದ ತನಾ ಹೊಡದದ್ದು ನಾ ನೋಡೀನಿ” ಅಂದ. ಆಮೇಲೆ, “ಮಂದಿ ಅಂತಾರ” ಅಂದ. ಆಮೇಲೆ ಇನ್ನೊಂದು ರೊಟ್ಟಿ ಕೇಳಿದ.

ನನ್ನ ಮುಂದೆ ಹೊಡೆದದ್ದು ಒಂದೇ ಸಲ. ಇವಳು ಯಾವಾಗ ಕಲಿತಳು?

೩ ಜೂನ್, ಸೋಮವಾರ, ಬೆಳಿಗ್ಗೆ

ಹೋದರು.

ನಾನು ಬಾಜೂಕೆ ಕೂತು ಹೇಳಿಕೊಡುತ್ತೇನೆ ಅಂತ ತಯಾರಾಗಿದ್ದೆ. ಅಪ್ಪ ಇಸ್ತ್ರಿ ಅಂಗಿ, ರುಮಾಲು ಸುತ್ತಿ ಬಂದು ಆ ಸೀಟಿನಲ್ಲಿ ಕೂತುಬಿಟ್ಟ. ಹಿಂದೆ ಕೂಡುತ್ತೇನೆ ಅಂದರೆ, ಮುರುಕ ಕೈ ತಗೊಂಡು ಎತ್ತ ಹೊಂಟಿ, ಮನ್ಯಾಗಿರು ಅಂದ. ಊರ ಅಗಸಿ ಬಾಗಿಲ ಹತ್ತಿರ ಮಂದಿ ನಿಂತು ನೋಡುತ್ತಿದ್ದರು. ಅಪ್ಪ ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದ. ಅಕ್ಕ ಎರಡನೇ ಗೇರಿಗೆ ಹಾಕಿದ್ದು ಕೇಳಿಸಿತು. ಮೂರನೆಯದೂ. ಆಮೇಲೆ ಕೇಳಿಸಲಿಲ್ಲ.

ಅದೇ ದಿನ, ಸಂಜೆ

ಬಂದರು. ಓಡಿ ಹೋಗಿ ಸ್ಲೋ ಹೇಗಿತ್ತು ಅಂತ ಕೇಳಿದೆ. ಅಕ್ಕ ಮಕ್ಕಳ ಮಾತು ತೆಗೆದಳು. ಒಂದನೇ ಇಯತ್ತೆಯ ಕೂಸು ಅವಳ ಸೆರಗು ಹಿಡಿದು ಬಿಡಲೇ ಇಲ್ಲವಂತೆ. ಸಂಜೆ ದೊಡ್ಡ ಹುಡುಗರು ನೂಕಿ ಶುರು ಮಾಡಿಸಿದರಂತೆ, ನೂಕುವುದಕ್ಕೆ ಜಗಳವಂತೆ.

ಸ್ಲೋ ಬಗ್ಗೆ ಹೇಳಿದವನು ಅಪ್ಪ. ಕಟ್ಟೆಯ ಮೇಲೆ ನಾಲ್ಕು ಮಂದಿಯ ನಡುವೆ ಕೂತು, ನನಗಲ್ಲ, ಅವರಿಗೆ: “ಹಳ್ಳದಾಗ ಎಮ್ಮಿ ಹಿಂಡು ಅಡ್ಡ ಬಂತ್ರಿ. ಎಲ್ಲಾ ದಾಟೂತನಾ ನಿಂತ್ವಿ. ಮಗಳು ಕಾಲ ತಗದ ಸುಮ್ನ ಕುಂತಿದ್ಲು. ಗಾಡಿ ತನ್ನಷ್ಟಕ ತಾ ನಡದಿತ್ತು.”

ಬೋಲ್ಟು, ಬ್ರೇಕ್ ವೈರು, ಡಿಸ್ಟ್ರಿಬ್ಯೂಟರು, ಏನೂ ಹೇಳಲಿಲ್ಲ.

೧೯ ಜೂನ್

ಅಕ್ಕ ಲೈಸೆನ್ಸಿಗೆ ಅಪ್ಪನ ಜೊತೆ ಧಾರವಾಡಕ್ಕೆ ಹೋಗಿದ್ದಾಳೆ. ಮಳೆ. ನಾನು ಮತ್ತು ಗುಡದಪ್ಪ ಜೀಪಿನ ಕ್ಯಾನ್ವಾಸ್ ಟಪ್ಪಕ್ಕೆ ತೇಪೆ ಹಾಕಿದೆವು.

೮ ಜುಲೈ

ಶನಿವಾರ ಪ್ಲಾಸ್ಟರ್ ತೆಗೆದರು. ಕೈ ಸೊರಗಿದೆ, ಆದರೆ ತಿರುಗುತ್ತದೆ. ಇನ್ನು ಹ್ಯಾಂಡಲ್ ನನ್ನದು, ಚುಕ್ಕಾಣಿ ನನ್ನದು.

ಇವತ್ತು ಎಲ್ಲರಿಗಿಂತ ಮೊದಲು ಎದ್ದೆ. ಇದೊಂದು ದಿನ ಹ್ಯಾಂಡಲ್ ಗುಡದಪ್ಪನೇ ಹೊಡೆದ. ನಾನು ಎಡಗಡೆಯ ಸೀಟಿನಲ್ಲಿ, ಚುಕ್ಕಾಣಿಯ ಮುಂದೆ, ಕೂತು ಸ್ಲೋ ಕೇಳುತ್ತಿದ್ದೆ. ಒಂದೇ ಸಮ. ಎಂಥ ಎಂಜಿನ್!

ಅಕ್ಕ ಚೀಲ, ಊಟದ ಡಬ್ಬಿ ಹಿಡಿದು ಬಂದಳು. ನನ್ನ ಬಾಜೂಕೆ ಬಂದು ನಿಂತಳು. ಆ ಕಡೆಯಿಂದ ಹತ್ತಬೇಕು ಅಂತ ನಾನು ಕೈ ತೋರಿಸಿದೆ. ಅವಳು ಅಲ್ಲೇ ನಿಂತು ಚೀಲವನ್ನು ನನ್ನ ತೊಡೆಯ ಮೇಲೆ ಇಟ್ಟಳು.

“ಸರಿ ಆ ಕಡಿ,” ಅಂದಳು. “ಹೊತ್ತಾತು.”

ಸರಿದೆ. ದಾರಿಯಲ್ಲಿ ಹಳ್ಳ ತುಂಬಿ ಹರಿಯುತ್ತಿತ್ತು. ನೀರು ಇಳಿಯುವ ತನಕ ಕಾದೆವು. ಅಕ್ಕ ಮಕ್ಕಳ ಪಾಟಿ ತಿದ್ದುತ್ತ ಕೂತಳು. ನಾನು ಡಬ್ಬಿ ಹಿಡಿದುಕೊಂಡಿದ್ದೆ. ಎಂಜಿನ್ ಒಮ್ಮೆಯೂ ನಿಲ್ಲಲಿಲ್ಲ.